ಮೆನ್ಯೂರ್ ಎಂಬ ಕೈಕೆಲಸ

ನಿವೃತ್ತರಾದ ಮೇಲೆ ಕೆಲವರಿಗೆ ಮಂಡಿ ನೋವು ಬರುತ್ತದೆ, ಕೆಲವರಿಗೆ ವೇದಾಂತ ಬರುತ್ತದೆ. ನನಗೆ ಬಂದದ್ದು ಗೊಬ್ಬರ. ಕೆಲಸದಲ್ಲಿದ್ದಷ್ಟು ಕಾಲ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ, ಷರಟಿಗೆ ಸೀಮೆಸುಣ್ಣದ ಪುಡಿ ಬಿಟ್ಟು ಬೇರೇನನ್ನೂ ಅಂಟಿಸಿಕೊಳ್ಳದೆ ಮನೆ ಸೇರಿದವನು ನಾನು. ಈಗ ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಸಗಣಿಯ ವಿಷಯವಾಗಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಹೋದ ವರ್ಷ ನಡೆದದ್ದನ್ನಷ್ಟೇ ಹೇಳುತ್ತೇನೆ, ಉಳಿದದ್ದನ್ನು ಹೇಳಿದರೆ ನೀವು ನಮ್ಮ ಮನೆಯಲ್ಲಿ ಕಾಫಿ ಕುಡಿಯುವುದಿಲ್ಲ.

ಮೊದಲು ಇದರ ಹಿಂದಿನ ಕಷ್ಟ ಏನೆಂದು ಹೇಳಬೇಕು. ನನ್ನ ಹೆಂಡತಿಗೆ ತೋಟದ ಹುಚ್ಚು. ದಸರಾ ಹತ್ತಿರ ಬಂದಾಗ ನಮ್ಮ ಕಡೆ ಮನೆತೋಟದ ಸ್ಪರ್ಧೆ ನಡೆಯುತ್ತದೆ. ಪ್ರತಿ ವರ್ಷವೂ ಅವಳಿಗೆ ಎರಡನೆಯ ಬಹುಮಾನ. ಎರಡನೆಯ ಬಹುಮಾನವೆಂದರೆ ಗಿಡಕ್ಕೆ ನೀರು ಹಾಕುವ ಒಂದು ಪ್ಲಾಸ್ಟಿಕ್ ಕ್ಯಾನು. ನಮ್ಮ ಮನೆಯ ಅಟ್ಟದ ತುಂಬ ಆ ಕ್ಯಾನುಗಳೇ ಇವೆ. ಮೊದಲನೆಯ ಬಹುಮಾನದ ಕಪ್ ಹೋಗುವುದು ಎದುರು ಮನೆಗೆ. ಅಲ್ಲಿರುವವರು ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರು. ಒಳ್ಳೆಯ ಮನುಷ್ಯರೇ. ಆದರೆ ಕಪ್ಪುಗಳನ್ನೆಲ್ಲ ನಮ್ಮ ಗೇಟಿಗೆ ಮುಖ ಮಾಡಿರುವ ಕಿಟಕಿಯಲ್ಲಿಯೇ ಜೋಡಿಸಿದ್ದಾರೆ. ಬೆಳಗ್ಗೆ ರಂಗೋಲಿ ಇಡಲು ನನ್ನ ಹೆಂಡತಿ ಬಾಗಿಲು ತೆರೆದರೆ ಮೊದಲು ಕಾಣುವುದು ಸೂರ್ಯನಲ್ಲ, ಆ ಕಪ್ಪುಗಳು.

ಹೋದ ಯುಗಾದಿಯ ದಿನ ಬೇವುಬೆಲ್ಲ ಕೈಗಿಡುತ್ತಾ ಅವಳು ಹೇಳಿದಳು: "ಈ ಸಲ ಆ ಕಪ್ ನಮ್ಮ ಮನೆಗೆ ಬರ್ಬೇಕು ಕಣ್ರೀ. ಇನ್ನೊಂದು ಕ್ಯಾನ್ ಬಂದ್ರೆ ನಾನು ಗಿಡ ಬೆಳೆಸೋದನ್ನೇ ಬಿಟ್ಬುಡ್ತೀನಿ."

ಅವಳು ಸುಮ್ಮನೆ ಹೇಳುವವಳಲ್ಲ. ಹೇಳಿದರೆ ಮಾಡುವವಳು. ಗಿಡಗಳಿಲ್ಲದ ಅವಳನ್ನು ಊಹಿಸಿಕೊಂಡು ನನಗೆ ನಿಜವಾಗಿಯೂ ಭಯವಾಯಿತು. ಅವಳ ಗಮನವೆಲ್ಲ ನನ್ನ ಕಡೆ ತಿರುಗಿದರೆ ನನ್ನ ಗತಿಯೇನು ಎಂಬ ಭಯವೂ ಅದರೊಳಗೆ ಸೇರಿತ್ತು.

ಹತ್ತು ನಿಮಿಷದ ಭಾಷಣ

ನಮ್ಮ ಬಡಾವಣೆಯಲ್ಲಿ ತೋಟ ಮಾಡುವವರದೊಂದು ಸಂಘವಿದೆ. ತಿಂಗಳಿಗೊಮ್ಮೆ ಸೇರಿ ಒಬ್ಬರಿಗೊಬ್ಬರು ಕಡ್ಡಿ, ಬೀಜ ಕೊಟ್ಟುಕೊಂಡು, ಯಾರ ಮನೆಯ ಗಿಡಕ್ಕೆ ಹುಳ ಬಿದ್ದಿದೆ ಎಂದು ಸಂತೋಷದಿಂದ ವಿಚಾರಿಸಿಕೊಳ್ಳುತ್ತಾರೆ. ಒಂದು ಭಾನುವಾರ ಗೊಬ್ಬರದ ಬಗ್ಗೆ ಮಾತಾಡಬೇಕಾಗಿದ್ದ ತಜ್ಞರು ಕೈಕೊಟ್ಟರು. ಕಾರ್ಯದರ್ಶಿಗಳು ಓಡಿ ಬಂದರು.

"ಮೇಷ್ಟ್ರೇ, ನೀವೇ ಹತ್ತು ನಿಮಿಷ ಮಾತಾಡ್ಬುಡಿ."

"ನನಗೆ ಗೊಬ್ಬರದ ಗಂಧಗಾಳಿ ಇಲ್ಲ ಕಣ್ರೀ. ಇಂಗ್ಲಿಷಿನಲ್ಲಿ ಅದನ್ನ ಮೆನ್ಯೂರ್ ಅಂತಾರೆ ಅನ್ನೋದು ಮಾತ್ರ ಗೊತ್ತು."

"ಅಷ್ಟು ಸಾಕು. ಅದನ್ನೇ ಎಳೀರಿ."

ಎಳೆಯುವುದು ನನಗೆ ಹೊಸದಲ್ಲ. ಮೈಕು ಹಿಡಿದು ಶುರು ಮಾಡಿದೆ. ಮೆನ್ಯೂರ್ ಎಂಬ ಪದಕ್ಕೆ ಹುಟ್ಟಿನಲ್ಲಿ ಸಗಣಿಯ ಸಂಬಂಧವೇ ಇರಲಿಲ್ಲ. ಲ್ಯಾಟಿನ್ನಿನಲ್ಲಿ ಕೈ ಎಂಬುದಕ್ಕೊಂದು ಮಾತು, ಕೆಲಸ ಎಂಬುದಕ್ಕೊಂದು ಮಾತು, ಎರಡೂ ಸೇರಿ ಫ್ರಾನ್ಸಿಗೆ ಬಂದು ಕೈಯಿಂದ ಕೆಲಸ ಮಾಡುವುದು ಎಂದಾಯಿತು. ಅಲ್ಲಿಂದ ಇಂಗ್ಲೆಂಡಿಗೆ ಹೋದಾಗ ಭೂಮಿಯನ್ನು ಹೊಂದಿರುವುದು, ಉಳುವುದು, ಹದ ಮಾಡುವುದು ಎಂಬ ಅರ್ಥ ಬಂತು. ಹಳೆಯ ಕಾಲದವರು ಮನಸ್ಸನ್ನು ಕೂಡ ಮೆನ್ಯೂರ್ ಮಾಡಬೇಕು ಎಂದು ಬರೆಯುತ್ತಿದ್ದರು. ಎಂದರೆ ಮನಸ್ಸನ್ನು ಹದ ಮಾಡಿ ಬೆಳೆಸುವುದು. ಹೊಲಕ್ಕೆ ಹಾಕುವ ಸಗಣಿಗೇ ಆ ಹೆಸರು ಅಂಟಿಕೊಂಡದ್ದು ಆಮೇಲೆ. ಅದೇ ಫ್ರೆಂಚ್ ಪದ ಇನ್ನೊಂದು ದಾರಿಯಲ್ಲಿ ಬಂದು ಸೈನ್ಯ ಸೇರಿಕೊಂಡಿತು. ಪಡೆಗಳನ್ನು ಅತ್ತಿತ್ತ ನಡೆಸುವುದಕ್ಕೆ ಮೆನೂವರ್ ಎನ್ನುತ್ತಾರಲ್ಲ, ಅದು ಮೆನ್ಯೂರಿನ ಒಡಹುಟ್ಟು.

ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಸುಬೇದಾರರು ಎದ್ದು ನಿಂತರು. "ಅಂದ್ರೆ ಸಾರ್, ಮರುಭೂಮಿ ಬಿಸಿಲಲ್ಲಿ ನಮ್ಮ ಕೈಲಿ ಮಾಡಿಸ್ತಿದ್ದಿದ್ದೂ ಇದೂ ಒಂದೇನಾ?"

"ಮೂಲ ಒಂದೇ," ಅಂದೆ.

"ನಂಗೆ ಆವತ್ತೇ ಅನುಮಾನ ಇತ್ತು," ಎಂದು ಕೂತುಕೊಂಡರು.

ಚಪ್ಪಾಳೆ ಬಿತ್ತು. ಪ್ರಶ್ನೆ ಏನಾದರೂ ಇದ್ದರೆ ಕೇಳಿ ಎಂದೆ. ಹಿಂದಿನಿಂದ ಒಬ್ಬರು, "ಸಾರ್, ಮಲ್ಲಿಗೆಗೆ ಎಷ್ಟು ಹಾಕ್ಬೇಕು?" ಎಂದು ಕೇಳಿದರು. ನಾನು ಲ್ಯಾಟಿನ್ನಿಗೆ ವಾಪಸು ಹೋಗುವ ದಾರಿ ಹುಡುಕುತ್ತಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ಎದ್ದು ಉತ್ತರ ಹೇಳಿದಳು. ಉತ್ತರ ಮುಗಿದ ಮೇಲೆ ಅವಳು ಕೂತುಕೊಳ್ಳಲಿಲ್ಲ. ಸಭೆಯ ಕಡೆ ತಿರುಗಿ ನಿಧಾನವಾಗಿ ಹೇಳಿದಳು:

"ಗೊಬ್ಬರ ಅಂದ್ರೆ ಕೈಕೆಲಸ ಅಂತ ಇವರೇ ಈಗ ಎಲ್ಲರ ಮುಂದೆ ಹೇಳಿದ್ದಾರೆ. ನಾಳೆಯಿಂದ ನಮ್ಮನೇಲಿ ಆ ಕೆಲಸ ಇವರದ್ದು."

ಆ ಚಪ್ಪಾಳೆ ನನಗೆ ಬಿದ್ದದ್ದಕ್ಕಿಂತ ಜೋರಾಗಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಎದುರು ಮನೆಯ ಮ್ಯಾನೇಜರು.

ಡ್ರಮ್ಮು

ನಮ್ಮ ತಾರಸಿಯ ಮೂಲೆಯಲ್ಲಿ ಒಂದು ನೀಲಿ ಡ್ರಮ್ಮಿದೆ. ಸಗಣಿ, ಗಂಜಲ, ಬೆಲ್ಲ, ಹುರುಳಿ ಹಿಟ್ಟು, ಒಂದು ಹಿಡಿ ಮಣ್ಣು, ಇಷ್ಟನ್ನೂ ನೀರಿನಲ್ಲಿ ಕಲಸಿ ಹುಳಿಯಲು ಬಿಡಬೇಕು. ಇದು ಎಲ್ಲರಿಗೂ ಗೊತ್ತಿರುವ ವಿಷಯ. ನನ್ನ ಹೆಂಡತಿ ಇದಕ್ಕೆ ಇನ್ನೊಂದನ್ನು ಸೇರಿಸುತ್ತಾಳೆ. ಅದು ಊರಿಗೆ ಗೊತ್ತಾಗಬಾರದು ಎಂದು ನನ್ನಿಂದ ದೇವರ ಮನೆಯಲ್ಲಿ ಮಾತು ತೆಗೆದುಕೊಂಡಳು. ಅದು ನಂಜನಗೂಡು ರಸಬಾಳೆ. ತೊಟ್ಟು ಕಳಚುವಷ್ಟು ಹಣ್ಣಾದ, ಮನೆಯ ತುಂಬ ಘಮಘಮಿಸುವ ರಸಬಾಳೆ.

"ಪಚ್ಚಬಾಳೆ ಹಾಕಿದ್ರೆ ಆಗಲ್ವೇನೇ?" ಎಂದು ಕೇಳಿದೆ.

"ಪಚ್ಚಬಾಳೆ ನೀವು ತಿನ್ನಿ. ಗಿಡಕ್ಕೆ ರಸಬಾಳೇನೇ ಆಗ್ಬೇಕು."

"ಜನಕ್ಕೆ ಗೊತ್ತಾದ್ರೆ?"

"ಅದಕ್ಕೇ ಹೇಳ್ತಿರೋದು, ಗೊತ್ತಾಗ್ಬಾರ್ದು. ಸಿಗೋದೇ ಕಷ್ಟ ಅಂತ ಜನ ಒದ್ದಾಡ್ತಾ ಇರೋ ಹಣ್ಣನ್ನ ಸಗಣಿಗೆ ಹಾಕ್ತಾಳೆ ಅಂತ ಬಯ್ತಾರೆ. ಅದಕ್ಕಿಂತ ಹೆಚ್ಚಾಗಿ, ಎದುರು ಮನೆಯವರು ನಾಳೇನೇ ಗೊನೆ ತರಿಸ್ತಾರೆ."

ಎದುರು ಮನೆಯವರು ಆ ಡ್ರಮ್ಮಿನೊಳಗೆ ಏನಿದೆಯೆಂದು ತಿಳಿಯಲು ಬಹಳ ದಿನದಿಂದ ಪ್ರಯತ್ನಪಡುತ್ತಿದ್ದರು. ಬೆಳಗ್ಗೆ ವಾಕಿಂಗಿನಲ್ಲಿ ಸಿಕ್ಕಿದಾಗ ಹವಾಮಾನದಿಂದ ಶುರುಮಾಡಿ, ರಾಜಕೀಯ ದಾಟಿ, ಕೊನೆಗೆ ಡ್ರಮ್ಮಿಗೇ ಬರುತ್ತಿದ್ದರು. ಸಾಲ ಕೇಳಲು ಹೋದವರಿಗೆ ಅವರು ಬ್ಯಾಂಕಿನಲ್ಲಿ ನಗುತ್ತಿದ್ದ ಹಾಗೆ ನಕ್ಕು ನಾನು ಮುಂದೆ ಹೋಗುತ್ತಿದ್ದೆ.

ಮೊದಲ ದಿನ ನಾನು ಔಷಧಿ ಅಂಗಡಿಯಿಂದ ರಬ್ಬರ್ ಗ್ಲೌಸ್ ತಂದು, ಹಾಕಿಕೊಂಡು, ಆಪರೇಷನ್ನಿಗೆ ಹೊರಟ ಡಾಕ್ಟರಂತೆ ತಾರಸಿಗೆ ಹೋದೆ. ಹೆಂಡತಿ ನೋಡಿದಳು.

"ಏನ್ರೀ ಅದು?"

"ಗ್ಲೌಸು."

"ಕೈಕೆಲಸ ಅಂತ ಭಾಷಣ ಮಾಡಿದ್ದು ಯಾರು? ಗ್ಲೌಸ್ ಹಾಕ್ಕೊಂಡ್ರೆ ಅದು ರಬ್ಬರ್ ಕೆಲಸ. ಎದುರು ಮನೆಯವರು ಹಾಕ್ಕೋತಾರೆ. ನಮ್ಮನೇಲಿ ಬೇಡ. ಗಂಟು ಒಡೆಯೋದು ಬೆರಳಿಗೆ ಗೊತ್ತಾಗ್ಬೇಕು. ಬಿಚ್ಚಿ."

ಬಿಚ್ಚಿದೆ. ಬರಿಗೈಯನ್ನು ಡ್ರಮ್ಮಿನೊಳಗೆ ಮೊಣಕೈವರೆಗೆ ಬಿಟ್ಟು ಕಲಸಿದೆ. ನಿಜ ಹೇಳಬೇಕೆಂದರೆ ಬೆಚ್ಚಗಿತ್ತು, ಹಿತವಾಗಿಯೇ ಇತ್ತು. ಎಷ್ಟು ಸೋಪು ಹಾಕಿ ತೊಳೆದರೂ ವಾಸನೆ ಮಾತ್ರ ಹೋಗಲಿಲ್ಲ. ಅರ್ಧ ದನದ ಕೊಟ್ಟಿಗೆ, ಅರ್ಧ ಹಣ್ಣಿನ ಅಂಗಡಿ. ಅಂದಿನಿಂದ ನಾನು ಊಟಕ್ಕೆ ಚಮಚ ಕೇಳಲು ಶುರು ಮಾಡಿದೆ. ಹೆಂಡತಿ ನೆಂಟರಿಗೆಲ್ಲ, "ಇಂಗ್ಲಿಷ್ ಓದಿದವರು ನೋಡಿ, ವಯಸ್ಸಾದ ಮೇಲೆ ಹಾಗೇ," ಎಂದು ಹೇಳಿದಳು.

ಆಷಾಢ ಶುಕ್ರವಾರದ ಪ್ರಸಾದ

ಸಗಣಿ ಬರುತ್ತಿದ್ದುದು ಹಿಂದಿನ ರಸ್ತೆಯಲ್ಲಿ ಹಸು ಕಟ್ಟಿರುವ ಒಬ್ಬ ಹೆಂಗಸಿನ ಮನೆಯಿಂದ. ನಾವೆಲ್ಲ ಹಾಲಿನಮ್ಮ ಎನ್ನುತ್ತೇವೆ. ಆಕೆಯದು ಖಡಕ್ಕಾದ ಕಾನೂನು: ಹಾಲು ಕೊಳ್ಳುವವರಿಗೆ ಮಾತ್ರ ಸಗಣಿ. ಆಷಾಢದ ಒಂದು ಶುಕ್ರವಾರ ನಮ್ಮ ಪ್ಲಾಸ್ಟಿಕ್ ಬಕೆಟ್ಟಿನ ಹಿಡಿ ಕಿತ್ತುಹೋಗಿತ್ತು. ಹಿಂದೆ ಯಾವುದೋ ಮದುವೆಯಲ್ಲಿ ಸಾರು ಬಡಿಸಿ ನಿವೃತ್ತವಾಗಿದ್ದ ಸ್ಟೀಲ್ ಬಕೆಟ್ಟೊಂದು ಅಟ್ಟದಲ್ಲಿತ್ತು. ಅದನ್ನೂ, ಬಾಚಿಕೊಳ್ಳಲು ಅದರದೇ ಸೌಟನ್ನೂ ಹೆಂಡತಿ ನನ್ನ ಕೈಗೆ ಕೊಟ್ಟಳು.

ಹಾಲಿನಮ್ಮ ಬಕೆಟ್ ತುಂಬಿಸಿದಳು. ಎತ್ತಿಕೊಂಡು ಹೊರಟರೆ ತಡೆದಳು.

"ಏನ್ ಸಾ, ಆಸಾಡದ ಸುಕ್ರವಾರ ಅಂಗೇ ತಕ್ಕೊಂಡೋಯ್ತೀರಾ? ಲಕ್ಸ್ಮಿ ಅಲ್ವಾ? ಬರಿಮೈಯಲ್ಲಿ ಮನೆಯಿಂದ ಎಂಗೆ ಕಳ್ಸದು?"

ಹಿತ್ತಲಿನಿಂದ ಒಂದು ಬಾಳೆಲೆ ಕುಯ್ದು ತಂದು ಬಕೆಟ್ಟಿನ ಮೇಲೆ ನೀಟಾಗಿ ಮುಚ್ಚಿದಳು. ಅದರ ಮೇಲೊಂದು ಸೇವಂತಿಗೆ ಇಟ್ಟಳು. ಇಷ್ಟಕ್ಕೇ ತೃಪ್ತಿಯಾಗದೆ ಹಿಡಿಗೆ ಕುಂಕುಮವನ್ನೂ ಹಚ್ಚಿದಳು.

ಮೈಸೂರಿನವರಿಗೆ ಆಷಾಢ ಶುಕ್ರವಾರವೆಂದರೆ ಏನೆಂದು ಹೇಳಬೇಕಾಗಿಲ್ಲ. ಊರಿಗೂರೇ ಚಾಮುಂಡಿ ಬೆಟ್ಟ ಹತ್ತಿ ಇಳಿಯುತ್ತದೆ. ಬೆಟ್ಟದಲ್ಲಿ ಮಾತ್ರವಲ್ಲ, ಬೀದಿ ಬೀದಿಯಲ್ಲೂ ಹರಕೆ ಹೊತ್ತವರು ಪಾತ್ರೆ ಇಟ್ಟುಕೊಂಡು ಪ್ರಸಾದ ಹಂಚುತ್ತಾರೆ. ನಾನು ಕೈ ಬದಲಾಯಿಸೋಣವೆಂದು ಅಶ್ವತ್ಥಕಟ್ಟೆಯ ಮೇಲೆ ಬಕೆಟ್ ಇಟ್ಟು, ಸೌಟು ಹಿಡಿದು, ಉಸಿರು ತೆಗೆದುಕೊಳ್ಳುತ್ತಾ ನಿಂತೆ. ತಿರುಗಿ ನೋಡಿದರೆ ಹಣೆಯ ತುಂಬ ಕುಂಕುಮವಿಟ್ಟ ಒಬ್ಬ ಮಹನೀಯರು ದೊನ್ನೆ ಹಿಡಿದು ಎದುರಿಗೆ ನಿಂತಿದ್ದಾರೆ. ಅವರ ಹಿಂದೆ ಒಬ್ಬರು ಅಜ್ಜಿ. ಅಜ್ಜಿಯ ಹಿಂದೆ ಒಂದು ಸಂಸಾರ.

ಮಧ್ಯದಲ್ಲಿ ಒಬ್ಬ ನುಗ್ಗಲು ನೋಡಿದ. ನನ್ನ ಮೇಷ್ಟ್ರತನ ಎಲ್ಲಿ ಹೋಗುತ್ತದೆ? "ಲೈನಲ್ಲಿ ಬನ್ನಿ," ಎಂದು ಗದರಿಸಿಬಿಟ್ಟೆ. ಅದರಿಂದ ನನ್ನ ಪರಿಸ್ಥಿತಿ ಇನ್ನೂ ಹದಗೆಟ್ಟಿತು. ಸಾಲು ಶಿಸ್ತಾಗಿ ಮೂಲೆಯವರೆಗೆ ಬೆಳೆಯಿತು.

"ಏನ್ ಸ್ವಾಮಿ ಇವತ್ತು, ಪೊಂಗಲ್ಲಾ?" ಎಂದರು ಅಜ್ಜಿ.

"ಅಲ್ಲ ಕಣಮ್ಮ, ಇದು ಇನ್ನೂ ನೈವೇದ್ಯ ಆಗಿಲ್ಲ," ಎಂದು ತಪ್ಪಿಸಿಕೊಳ್ಳಲು ನೋಡಿದೆ.

"ಆಗ್ಲಿ, ಕಾಯ್ತೀವಿ. ನಮಗೇನು ಕೆಲಸ."

ಬೇರೆ ದಾರಿ ಕಾಣಲಿಲ್ಲ. ಮೊದಲು ನಿಂತಿದ್ದ ಮಹನೀಯರ ಕಿವಿಯ ಹತ್ತಿರ ಬಗ್ಗಿ, ನಿಜವಾಗಿ ಅದರಲ್ಲಿ ಏನಿದೆಯೆಂದು ಹೇಳಿದೆ. ಅವರ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಹಿಂದೆ ತಿರುಗಿ ಸಾಲು ನೋಡಿದರು. ಅಷ್ಟು ಜನರ ಮುಂದೆ ಬರಿಗೈಯಲ್ಲಿ ಹೋಗಲು ಅವರ ಮನಸ್ಸು ಒಪ್ಪಲಿಲ್ಲವೆಂದು ಕಾಣುತ್ತದೆ. ತಗ್ಗಿದ ದನಿಯಲ್ಲಿ ಹೇಳಿದರು: "ಒಂದು ಸೌಟು ಹಾಕಿ. ಮನೇಲಿ ದಾಸವಾಳ ಇದೆ."

ಎಲೆಯ ಅಂಚನ್ನು ಅಷ್ಟೇ ಅಷ್ಟು ಸರಿಸಿ ಹಾಕಿದೆ. ಅವರು ದೊನ್ನೆಯನ್ನು ಎರಡು ಕೈಯಲ್ಲೂ ಹಿಡಿದು, ಅಭ್ಯಾಸಬಲದಿಂದ ಕಣ್ಣಿಗೊತ್ತಿಕೊಳ್ಳಲು ಹೋಗಿ, ಮೂಗಿನ ಹತ್ತಿರ ತಡೆದು, ಗಂಭೀರವಾಗಿ ನಡೆದುಹೋದರು.

ಸಾಲು ಒಂದು ಹೆಜ್ಜೆ ಮುಂದೆ ಬಂತು.

ಹಸು ಹಾಕಿದ ಭಾಗ್ಯ

ಶ್ರಾವಣದಲ್ಲಿ ನನ್ನ ಭಾವಮೈದುನ ಚಾಮರಾಜಪುರಂನಲ್ಲಿ ಕೊಂಡ ಫ್ಲಾಟಿನ ಗೃಹಪ್ರವೇಶ. ಮೊದಲನೆಯ ಮಹಡಿ. ಮೊದಲು ಹಸು ಕರು ಒಳಗೆ ಹೋಗಬೇಕು, ಆಮೇಲೆ ಮನುಷ್ಯರು. ಹಸು ಒಳಗೆ ಸಗಣಿ ಹಾಕಿತೆಂದರೆ ಸಾಕ್ಷಾತ್ ಲಕ್ಷ್ಮಿಯೇ ನೆಲೆ ನಿಂತ ಹಾಗೆ. ಹಸುವನ್ನು ಕರೆತಂದವಳು ನಮ್ಮ ಹಾಲಿನಮ್ಮನೇ. ನನ್ನ ಹೆಂಡತಿ ರೇಷ್ಮೆ ಸೀರೆಯುಟ್ಟು, ಉಡುಗೊರೆಯ ಜೊತೆಗೆ ಒಂದು ಪ್ಲಾಸ್ಟಿಕ್ ಚೀಲವನ್ನೂ ಮಡಿಸಿ ತಂದಿದ್ದಳು.

"ಇದು ಯಾಕೇ?" ಎಂದೆ.

"ಇರ್ಲಿ. ಶುಭ ಆದ್ರೆ ವ್ಯರ್ಥ ಆಗ್ಬಾರ್ದಲ್ಲ."

ಪಕ್ಕದ ಫ್ಲಾಟಿನ ಯಜಮಾನರು ಹಸುವನ್ನು ಕಟ್ಟಡದೊಳಗೆ ತರುವುದೇ ಬೇಡವೆಂದು ಹಿಂದಿನ ದಿನ ಅಸೋಸಿಯೇಷನ್ನಿನಲ್ಲಿ ಜಗಳವಾಡಿದ್ದರಂತೆ. ಆ ಸಿಟ್ಟಿನಲ್ಲಿ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದರು. ಹಸು ಮೆಟ್ಟಿಲು ಹತ್ತಿ ಬಂತು. ಹೊಸ ಟೈಲ್ಸಿನ ಮೇಲೆ ಜಾರದಂತೆ ಗೋಣಿ ಹಾಸಿದ್ದರು. ಭಾವಮೈದುನ ಬಾಳೆಹಣ್ಣು ತಿನ್ನಿಸಿದ, ಬೆಲ್ಲ ಅಕ್ಕಿ ತಿನ್ನಿಸಿದ, ಕಡಲೆ ತಿನ್ನಿಸಿದ. ಹಸು ಎಲ್ಲವನ್ನೂ ತಿಂದು ನಡುಮನೆ, ಅಡುಗೆಮನೆ, ರೂಮುಗಳನ್ನೆಲ್ಲ ನೋಡಿತು. ಬೇರೇನೂ ಮಾಡಲಿಲ್ಲ.

"ಇನ್ನೂ ಸ್ವಲ್ಪ ಹೊತ್ತು ಇರ್ಲಿ," ಎಂದ ಭಾವಮೈದುನ. ಅವನ ದನಿ ಸಣ್ಣಗಾಗಿತ್ತು.

"ಮುಹೂರ್ತ ಮೀರತ್ತೆ," ಎಂದರು ಪುರೋಹಿತರು.

ಹಾಲಿನಮ್ಮ ಹಗ್ಗ ಎಳೆದಳು. ಹಸು ಹೊಸಿಲು ದಾಟಿತು, ಪಕ್ಕದ ಫ್ಲಾಟಿನ ಬಾಗಿಲ ಮುಂದೆ ನಿಂತಿತು, ಬಾಲ ಎತ್ತಿತು. ತಿಂದದ್ದಕ್ಕೆ ತಕ್ಕ ಹಾಗೆ ಧಾರಾಳವಾಗಿ ಹಾಕಿತು.

ಭಾವಮೈದುನ ತಲೆಯ ಮೇಲೆ ಕೈ ಹೊತ್ತುಕೊಂಡ. ಸದ್ದು ಕೇಳಿ ಪಕ್ಕದ ಬಾಗಿಲು ತೆರೆಯಿತು. ಯಜಮಾನರು ಬಯ್ಯಲೆಂದೇ ಬಾಯಿ ತೆರೆದವರು ಕೆಳಗೆ ನೋಡಿದರು, ಹಸುವನ್ನು ನೋಡಿದರು, ಪುರೋಹಿತರನ್ನು ನೋಡಿದರು. ಬಾಯಿಂದ ಬಂದ ಮಾತೇ ಬೇರೆ.

"ಯಾರೂ ಮುಟ್ಬೇಡಿ. ಇದು ನಮ್ಮ ಬಾಗಿಲಲ್ಲಿ ಬಿದ್ದಿರೋದು."

"ಹಸು ಕರೆಸಿದ್ದು ನಾನು ಸ್ವಾಮಿ," ಎಂದ ಭಾವಮೈದುನ.

"ಕರೆಸಿದ್ದು ನೀವು. ಆದ್ರೆ ಬಂದಿದ್ದು ಯಾರ ಮನೆಗೆ ಅಂತ ಅದಕ್ಕೆ ಗೊತ್ತಿತ್ತು."

"ಹಸು ಬರಬಾರದು ಅಂತ ನಿನ್ನೆ ಕೂಗಾಡಿದವರು ನೀವೇ ಅಲ್ವಾ?"

"ಅದು ನಿನ್ನೆ."

ಮಾತಿಗೆ ಮಾತು ಬೆಳೆಯಿತು. ಪುರೋಹಿತರು ಶಾಸ್ತ್ರದಲ್ಲಿ ಇದಕ್ಕೆ ಆಧಾರ ಸಿಗುವುದಿಲ್ಲವೆಂದು ಕೈ ಚೆಲ್ಲಿದರು. ಆಗ ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಮಧ್ಯೆ ಬಂದಳು.

"ಎರಡು ಹೊಸಿಲಿಗೂ ಒಂದೊಂದು ಚಿಟಿಕೆ ಇಡೋಣ. ಭಾಗ್ಯಕ್ಕೆ ಅಷ್ಟು ಸಾಕು. ಮಿಕ್ಕಿದ್ದು ಇಲ್ಲೇ ಇದ್ರೆ ನೊಣ ಬರತ್ತೆ. ರೀ, ನಿಮ್ಮ ಕೈ."

ನಾನು ಪಂಚೆ ಎತ್ತಿ ಕಟ್ಟಿ ಎರಡೂ ಕೈಯಲ್ಲಿ ಬಾಚಿ, ಹೊಸಿಲುಗಳಿಗೆ ಇಟ್ಟು, ಮಿಕ್ಕಿದ್ದನ್ನು ಅವಳ ಚೀಲಕ್ಕೆ ತುಂಬಿದೆ. ಎರಡು ಮನೆಯವರೂ ನನ್ನ ಹಿಂದೆ ಮುಂದೆ ಬಗ್ಗಿ, ಚಿಟಿಕೆಗಳು ಸಮವಾಗಿವೆಯೇ ಎಂದು ನೋಡಿದರು. ಜಗಳ ಮುಗಿಯಿತು. ಸಂತೋಷಗೊಂಡ ಪುರೋಹಿತರು ಮಂತ್ರಾಕ್ಷತೆ ಹಿಡಿದು ನನ್ನ ಹತ್ತಿರ ಬಂದರು. ನನ್ನ ಬಲಗೈ ನೋಡಿದರು. "ಎಡಗೈಯಲ್ಲೇ ತಗೊಳ್ಳಿ, ಪರವಾಗಿಲ್ಲ," ಎಂದರು. ಎಡಗೈ ನೋಡಿದರು.

"ಬೇಡ, ತಲೆ ಬಗ್ಗಿಸಿ, ಸಾಕು," ಎಂದು ದೂರದಿಂದಲೇ ಎಸೆದರು.

ಮಂಡಿ ನೋವು

ದಸರಾ ಆನೆಗಳು ಅರಮನೆಗೆ ಬಂದ ಮೇಲೆ ಬೆಳಗ್ಗೆ ಸಂಜೆ ಬನ್ನಿಮಂಟಪದವರೆಗೆ ನಡೆದು ಅಭ್ಯಾಸ ಮಾಡುತ್ತವೆ. ದಾರಿಯಲ್ಲಿ ಅವು ಹಾಕಿದ ಲದ್ದಿಯನ್ನು ಬಿಸಿಯಿದ್ದಾಗಲೇ ತುಳಿದರೆ ಕಾಲಿಗೆ ಬಲ ಬರುತ್ತದೆ, ಹಿಮ್ಮಡಿ ಒಡೆಯುವುದಿಲ್ಲ ಎಂದು ನಮ್ಮೂರಿನ ನಂಬಿಕೆ. ನಾನು ಚಿಕ್ಕವನಿದ್ದಾಗ ನಮ್ಮಜ್ಜಿ ಕಿವಿ ಹಿಡಿದು ಎಳೆದುಕೊಂಡು ಹೋಗಿ ತುಳಿಸಿದ್ದರು. ಇಂದಿಗೂ ತುಳಿಯುವವರಿದ್ದಾರೆ.

"ಆನೆ ಲದ್ದಿ ಸ್ವಲ್ಪ ತಂದ್ಬುಡಿ," ಎಂದಳು ಹೆಂಡತಿ. "ಗುಲಾಬಿ ಬುಡಕ್ಕೆ ಹೊದಿಸೋಕೆ. ಇನ್ನೇನು ತೀರ್ಪುಗಾರರು ಬರೋ ದಿನ ಹತ್ತಿರ ಬಂತು."

ಚೀಲ ಮಡಿಸಿ ಷರಟಿನೊಳಗೆ ಇಟ್ಟುಕೊಂಡು ಹೋದೆ. ಆನೆಗಳು ದಾಟಿಹೋಗಿದ್ದವು. ರಸ್ತೆ ಬದಿಯಲ್ಲಿ ಒಳ್ಳೆಯ ರಾಶಿಯೊಂದು ಬಿದ್ದಿತ್ತು. ತಾಯಂದಿರು ಮಕ್ಕಳನ್ನು ಒಬ್ಬೊಬ್ಬರಾಗಿ ಇಳಿಸಿ ತುಳಿಸುತ್ತಿದ್ದರು. ಎಲ್ಲರೂ ಮುಗಿಸಿ ಹೋಗಲಿ ಎಂದು ಕಾದು ನಿಂತೆ. ರಾಶಿಯ ಆ ಕಡೆ ಇನ್ನೊಬ್ಬರು ಹಾಗೆಯೇ ಕಾದು ನಿಂತಿದ್ದರು. ಎದುರು ಮನೆಯ ಮ್ಯಾನೇಜರು. ಅವರ ಷರಟಿನ ಹೊಟ್ಟೆಯ ಭಾಗವೂ ಉಬ್ಬಿಕೊಂಡಿತ್ತು.

"ಓಹೋ, ಮೇಷ್ಟ್ರು, ಏನು ಈ ಕಡೆ?"

"ಮಂಡಿ ನೋವು ಕಣ್ರೀ. ತುಳಿದ್ರೆ ಒಳ್ಳೇದಂತಲ್ಲ. ನೀವು?"

"ನನಗೂ ಮಂಡೀನೇ."

ಹೇಳಿದ ಮೇಲೆ ತುಳಿಯದೆ ಇರುವುದು ಹೇಗೆ? ಇಬ್ಬರೂ ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಸಿ, ರಾಶಿಯ ಮೇಲೆ ಎದುರುಬದುರಾಗಿ ಹತ್ತಿದೆವು. ಅವರು ಹೋಗಲಿ ಎಂದು ನಾನು, ನಾನು ಹೋಗಲಿ ಎಂದು ಅವರು. ಹವಾಮಾನ ಮುಗಿಯಿತು, ರಾಜಕೀಯ ಮುಗಿಯಿತು.

"ಈಗ ಪರವಾಗಿಲ್ವಾ?" ಎಂದು ಕೇಳಿದರು.

"ಎಡಗಡೆ ಇನ್ನೂ ಸ್ವಲ್ಪ ಇದೆ. ನಿಮಗೆ?"

"ಈಗಿನ್ನೂ ಶುರುವಾಗಿದೆ."

ದಾರಿಹೋಕರು ನಿಂತು ನೋಡತೊಡಗಿದರು. ಒಬ್ಬರು ಫೋನಿನಲ್ಲಿ ಫೋಟೋ ಕೂಡ ತೆಗೆದುಕೊಂಡರು. ನಾವು ಮಾತ್ರ ಬಿಡದೆ ತುಳಿಯುತ್ತಲೇ ಇದ್ದೆವು. ಕೊನೆಗೆ ಒಂದು ಆಟೋ ಬಂದು ನಿಂತಿತು. ಅದರಿಂದ ನನ್ನ ಹೆಂಡತಿ ಇಳಿದಳು. ನಾನೆಷ್ಟು ಹೊತ್ತಾದರೂ ಬರಲಿಲ್ಲವೆಂದು ಹುಡುಕಿಕೊಂಡು ಬಂದಿದ್ದಳು. ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿದಳು. ಬ್ಯಾಗಿನಿಂದ ಇನ್ನೊಂದು ಚೀಲ ತೆಗೆದು ಬಗ್ಗಿದಳು.

"ಇಬ್ರೂ ಸ್ವಲ್ಪ ಕಾಲೆತ್ತಿ."

ಕೈ

ತೀರ್ಪುಗಾರರು ಬರುವ ದಿನ ಅವಳು ಬೆಳಗ್ಗಿನಿಂದ ಕಾಫಿಯನ್ನೂ ಕುಡಿದಿರಲಿಲ್ಲ. ಒಣಗಿದ ಒಂದು ಎಲೆ ಕಂಡರೂ ಓಡಿಹೋಗಿ ಕೀಳುತ್ತಿದ್ದಳು. ತಾರಸಿಯ ಸೇವಂತಿಗೆ, ಗುಲಾಬಿ, ಚೆಂಡುಹೂ ಎಲ್ಲ ಮದುವೆಗೆ ಹೊರಟ ಹಾಗೆ ನಿಂತಿದ್ದವು. ಅವಳು ಮಾತ್ರ ಪರೀಕ್ಷೆಗೆ ಬಂದವಳ ಹಾಗೆ ಬೆವರುತ್ತಿದ್ದಳು. ನನಗೆ ಅವಳನ್ನು ನೋಡಿ ಸಂಕಟವಾಯಿತು.

ತೀರ್ಪುಗಾರರಲ್ಲಿ ಒಬ್ಬರು ವಯಸ್ಸಾದವರು. ಹೂವು ಹೆಚ್ಚು ನೋಡಲಿಲ್ಲ. ಕುಂಡದಿಂದ ಮಣ್ಣು ತೆಗೆದು ಬೆರಳಲ್ಲಿ ಹೊಸಕಿ, ಮೂಸಿ ನೋಡಿ, "ಗೊಬ್ಬರ ಕಲಸೋದು ಯಾರು?" ಎಂದು ಕೇಳಿದರು. ಹೆಂಡತಿ ನನ್ನ ಕಡೆ ತೋರಿಸಿದಳು.

"ಕೈ ತೋರಿಸಿ."

ತೋರಿಸಿದೆ. ಉಗುರಿನ ಸಂದಿಯಲ್ಲಿ ಹೋಗಲಾರದ ಹಸಿರುಗಪ್ಪು ಗೆರೆಗಳಿದ್ದವು. ಅವರು ತಲೆಯಾಡಿಸಿ ಮುಂದೆ ಹೋದರು. ಆಮೇಲೆ ಎದುರು ಮನೆಯಲ್ಲೂ ಅದನ್ನೇ ಕೇಳಿದರಂತೆ. ಮ್ಯಾನೇಜರು ಗ್ಲೌಸ್ ತೋರಿಸಿದರಂತೆ.

ಅದಕ್ಕೋ, ಇನ್ಯಾವುದಕ್ಕೋ, ಮೊದಲನೆಯ ಬಹುಮಾನ ನಮಗೆ ಬಂತು. ಸುದ್ದಿ ತಿಳಿದ ದಿನವೇ ಭಾವಮೈದುನನ ಫೋನು: "ಭಾವ, ಅದು ನಮ್ಮ ಹಸುವಿನ ಪುಣ್ಯ." ಅದು ಮುಗಿಯುವಷ್ಟರಲ್ಲಿ ಅವನ ಪಕ್ಕದ ಫ್ಲಾಟಿನವರ ಫೋನು: "ಅದು ನಮ್ಮ ಬಾಗಿಲಲ್ಲಿ ಬಿದ್ದದ್ದು ಅನ್ನೋದು ಜ್ಞಾಪಕ ಇರ್ಲಿ."

ಬಹುಮಾನದ ದಿನ ವೇದಿಕೆಯ ಮೇಲೆ ಕಪ್ ಕೈಗೆ ಬಂದಾಗ ಎರಡು ಮಾತು ಹೇಳಲು ಹೇಳಿದರು. ಮೈಕಿನ ಮುಂದೆ ಎಂದೂ ನಿಲ್ಲದವಳು ನನ್ನನ್ನೂ ಮೇಲೆ ಕರೆಸಿಕೊಂಡು ಹೇಳಿದಳು:

"ಗೊಬ್ಬರಕ್ಕೆ ಇಂಗ್ಲಿಷಿನಲ್ಲಿ ಮೆನ್ಯೂರ್ ಅಂತಾರಂತೆ, ಅಂದ್ರೆ ಕೈಯಿಂದ ಮಾಡಿದ ಕೆಲಸ ಅಂತ ಇವರು ಹೇಳಿದ್ರು. ನಾನು ತಮಾಷೆಗೆ ಹಿಡಿದು ಹಾಕಿದೆ. ಇವರು ಒಂದು ದಿನಾನೂ ತಪ್ಪಿಸ್ಲಿಲ್ಲ. ಇವತ್ತು ಬೆಳಗ್ಗೆ ಕೂಡ ಬರಿಗೈಯಲ್ಲಿ ಡ್ರಮ್ ಕಲಸಿ, ಹಾಗೇ ಬಂದಿದ್ದಾರೆ. ಈ ಕಪ್ ಇವರ ಕೈಯದು."

ನನ್ನ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ಅವಳು ನನ್ನನ್ನು ನಾಲ್ಕು ಜನರ ಮುಂದೆ ಹೊಗಳಿದ್ದು ಅದೇ ಮೊದಲು. ಮುಖ್ಯ ಅತಿಥಿಗಳು ಆಗಲೇ ನನಗೆ ಕೈಕುಲುಕಲು ಕೈ ಚಾಚಿದ್ದರು. "ಹಾಗೇ ಬಂದಿದ್ದಾರೆ" ಎಂಬ ಮಾತು ಕಿವಿಗೆ ಬೀಳುತ್ತಲೇ ಆ ಕೈ ಗಾಳಿಯಲ್ಲಿ ನಿಂತು, ಹಿಂದೆ ಸರಿದು, ಇನ್ನೊಂದು ಕೈಯನ್ನು ಸೇರಿಕೊಂಡು ನಮಸ್ಕಾರವಾಯಿತು. ಪಕ್ಕದ ಅಧ್ಯಕ್ಷರೂ ನಮಸ್ಕಾರ ಎಂದರು. ಸಾಲಿಗೆ ಸಾಲೇ ಭಕ್ತಿಯಿಂದ ಕೈ ಮುಗಿಯಿತು.

ಆಗ ಸಭೆಯಿಂದ ಒಬ್ಬರು ಎದ್ದು ಮೆಟ್ಟಿಲು ಹತ್ತಿ ಬಂದರು. ಎದುರು ಮನೆಯ ಮ್ಯಾನೇಜರು. ಅವರ ಕೈಯಲ್ಲಿ ಎರಡನೆಯ ಬಹುಮಾನದ ಪ್ಲಾಸ್ಟಿಕ್ ಕ್ಯಾನು. ಅದನ್ನು ಕೆಳಗಿಟ್ಟು, ಎಲ್ಲರೂ ನೋಡುತ್ತಿರುವಂತೆಯೇ ನನ್ನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಚೆನ್ನಾಗಿ ಕುಲುಕಿದರು.

"ಮಂಡಿ ಹೇಗಿದೆ ಮೇಷ್ಟ್ರೇ?"

"ಪರವಾಗಿಲ್ಲ ಸಾರ್. ನಿಮ್ಮದು?"

ಎಷ್ಟು ದೊಡ್ಡ ಮನಸ್ಸು ಎಂದು ನಾನು ಕರಗಿಹೋದೆ. ಅವರು ಕ್ಯಾನು ಎತ್ತಿಕೊಂಡು ಇಳಿಯತೊಡಗಿದರು. ಎರಡು ಮೆಟ್ಟಿಲು ಇಳಿದವರು ನಿಂತರು. ಅಂಗೈಯನ್ನು ಮೂಗಿನ ಹತ್ತಿರ ತಂದರು. ಕಣ್ಣು ಮುಚ್ಚಿ ನಿಧಾನವಾಗಿ ಉಸಿರೆಳೆದುಕೊಂಡರು. ತಿರುಗಿ ನನ್ನ ಹೆಂಡತಿಯನ್ನು ನೋಡಿದರು. ಅವರ ಮುಖ ಬೆಳಗುತ್ತಿತ್ತು.

"ರಸಬಾಳೆ," ಎಂದರು.

ನನ್ನ ಹೆಂಡತಿ ಕಪ್ಪನ್ನು ಎದೆಗೆ ಒತ್ತಿಕೊಂಡಳು. ಫೋಟೋದವನಿಗಾಗಿ ನಗುತ್ತಲೇ, ತುಟಿ ಅಲ್ಲಾಡಿಸದೆ ನನ್ನ ಕಡೆಗೆ ಹೇಳಿದಳು:

"ನಾಳೆಯಿಂದ ಗ್ಲೌಸ್ ಹಾಕ್ಕೊಳ್ರೀ."